ಅಳತೆ ಮೀರಿದ ಚೆಲುವು

ಸಿಂದಗಿಯಿಂದ ವಿಜಯಪುರಕ್ಕೆ ಕೋರ್ಟಿಗೋ ದವಾಖಾನೆಗೋ ಹೊರಟವರು ಕುಮಟಗಿಯನ್ನು ದಾಟಿಯೇ ಹೋಗುತ್ತಾರೆ. ಅಲ್ಲಿನ ಹಳೆಯ ಕಟ್ಟಡಗಳು ಬಿಜಾಪುರವನ್ನು (ಈಗಿನ ವಿಜಯಪುರ) ಆಳಿದ ಆದಿಲ್‌ಶಾಹಿಗಳ ಬೇಸಿಗೆಯ ತಂಗುದಾಣ. ಒಂದರ ಗೋಡೆಯಲ್ಲಿ ಕುದುರೆಯೇರಿ ಚೆಂಡಾಡುವವರು, ಕುಸ್ತಿ ಹಿಡಿದವರು, ಪರಂಗಿ ಉಡುಪಿನವರು ಮಸುಕಾಗಿ ಉಳಿದಿದ್ದಾರೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೆಳೆಯರು “ಚಿತ್ರಗಿತ್ರ ನಮಗ ತಿಳಿಯಂಗಿಲ್ರಿ” ಅಂದಾಗಲೆಲ್ಲ ನಾನು ಈ ಗೋಡೆಗಳ ಮಾತೆತ್ತುತ್ತೇನೆ.

ಆದರೆ ಕಣ್ಣು ಪಳಗಿಸಿಕೊಳ್ಳಲು ಗೋಡೆಗಿಂತ ಕಾಗದ ಮೇಲು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಕಾಲದ ‘ಯೋಗಿನಿ’ ಚಿತ್ರ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ; ಮೊಬೈಲಿನಲ್ಲೇ ಹುಡುಕಿ ನೋಡಿ. ಕೈಯ ಮೇಲೆ ಮೈನಾ ಹಕ್ಕಿ, ನೆತ್ತಿಯ ಮೇಲೆ ಜಡೆಯ ಗಂಟು, ಬೂದಿ ಬಳಿದ ಮೈ. ಬೈರಾಗಿಣಿಯ ಮೈತುಂಬ ಒಡವೆ! ಇನ್ನು ಎತ್ತರ ನೋಡಿ: ದೇಹ ಕಾರಂಜಿಯಂತೆ ಮೇಲಕ್ಕೆ ಚಿಮ್ಮಿದೆ. ಪಕ್ಕದ ಹೂಗಿಡಗಳು ಆಳೆತ್ತರ, ದೂರದ ಅರಮನೆ ಆಟಿಕೆಯಷ್ಟು. ಕಲಾವಿದನಿಗೆ ಅಳತೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಹಕ್ಕಿಯನ್ನು ಬರೆದ ಬಗೆಯೇ ಸಾಕ್ಷಿ.

ಇದಕ್ಕೂ ಕೆಲವು ದಶಕ ಮೊದಲು ಇಟಲಿಯಲ್ಲೂ ಬೇಕೆಂದೇ ಅಳತೆ ಮೀರುವ ಇಂಥದೇ ಹಟ ಹುಟ್ಟಿತ್ತು. 1520ರಲ್ಲಿ ಚಿತ್ರಕಾರ ರಫೇಲ್ ತೀರಿಕೊಂಡಾಗ ಅಂಗಾಂಗಗಳ ಪ್ರಮಾಣ, ದೂರ–ಹತ್ತಿರದ ಲೆಕ್ಕ ಎಲ್ಲವೂ ಪಕ್ಕಾ ಆಗಿಬಿಟ್ಟಿದ್ದವು. ಮುಂದಿನವರು ಏನು ಮಾಡಬೇಕು? ಪಾರ್ಮಿಜಿಯಾನಿನೊ ಮೇರಿಮಾತೆಯ ಕೊರಳನ್ನೂ ಬೆರಳನ್ನೂ ಎಳೆದ. 1534ರಲ್ಲಿ ಕೈಗೆತ್ತಿಕೊಂಡ ಆ ಚಿತ್ರ 1540ರಲ್ಲಿ ಅವನು ಸಾಯುವಾಗಲೂ ಮುಗಿದಿರಲಿಲ್ಲ. ಪೊಂತೊರ್ಮೊ ಶೋಕದ ದೃಶ್ಯಕ್ಕೆ ಗುಲಾಬಿ, ತಿಳಿನೀಲಿ ಬಳಿದ. ಧಾಟಿ ಎಂಬ ಅರ್ಥದ ‘ಮಾನಿಯೆರಾ’ದಿಂದ ಇದಕ್ಕೆ ಮ್ಯಾನರಿಸಂ ಎಂಬ ಹೆಸರು. ಬಹುಕಾಲ ಇದನ್ನು ಕಲೆಯ ಇಳಿಗಾಲ ಎಂದೇ ಜರೆದರು. ಇದರ ಬೆಲೆ ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಬಿಜಾಪುರದ ಚಿತ್ರಗಳೂ ಮೊಘಲ್ ಚಿತ್ರಗಳ ನೆರಳಲ್ಲೇ ಬಹಳ ದಿನ ಉಳಿದವು.

ಹಾಗೆಂದು ಬಿಜಾಪುರದವರು ಇಟಲಿಯವರನ್ನು ನಕಲು ಮಾಡಿದರೆನ್ನಬೇಡಿ. ಇವರ ಬೇರು ಪರ್ಷಿಯಾದಲ್ಲೂ ದಖ್ಖನ್ನಿನಲ್ಲೂ ಇದೆ. ಒಂದು ಎಳೆ ಮಾತ್ರ ಕುತೂಹಲದ್ದು. ಫರ್ರುಖ್ ಬೇಗ್ ಎಂಬ ಮೊಘಲ್ ಆಸ್ಥಾನದ ಚಿತ್ರಕಾರ ಕೆಲವು ವರ್ಷ ಇಬ್ರಾಹಿಮನ ಬಳಿ ಇದ್ದನೆಂದು ಹಲವು ವಿದ್ವಾಂಸರ ಮತ. ಮುಂದೆ 1615ರಲ್ಲಿ, ಮುಪ್ಪಿನ ವಯಸ್ಸಿನಲ್ಲಿ ಅವನು ಬರೆದ ಮುದಿ ಸೂಫಿಯ ಚಿತ್ರ ಈಗ ದೋಹಾದಲ್ಲಿದೆ. ಅದರ ಮಾದರಿ ಫ್ಲಾಂಡರ್ಸಿನ ಮ್ಯಾನರಿಸ್ಟ್ ಮಾರ್ಟನ್ ಡಿ ವೋಸನ ರಚನೆಯ ಅಚ್ಚುಚಿತ್ರ.

ನೋಡುವ ಬಗೆ ಹೇಗೆ? ‘ಇದು ನಿಜದಂತಿದೆಯೇ’ ಎಂದು ಮೊದಲೇ ಕೇಳಬೇಡಿ. ಕಣ್ಣು ಎಲ್ಲಿಂದ ಎಲ್ಲಿಗೆ ಜಾರಿತು, ಯಾವುದು ಬೇಕೆಂದೇ ಉದ್ದವಾಯಿತು, ಯಾವ ಬಣ್ಣ ಇರಬಾರದ ಕಡೆ ಇದೆ ಎಂದು ಗಮನಿಸಿ. ಗವಾಯಿ ಒಂದು ಸ್ವರವನ್ನು ಎಳೆದೆಳೆದು ನಿಲ್ಲಿಸಿದಾಗ ‘ಮಾತಾಡುವವರು ಹೀಗೆ ಎಳೆಯುತ್ತಾರೆಯೇ’ ಎಂದು ಯಾರೂ ಕೇಳುವುದಿಲ್ಲ. ಇಬ್ರಾಹಿಂ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಹೊತ್ತಗೆ ಬರೆದ ಸಂಗೀತದ ಹುಚ್ಚಿನ ದೊರೆ. ಅವನ ಆಸ್ಥಾನದ ಗೆರೆಯಲ್ಲಿ ಆಲಾಪ ಕಂಡರೆ ನನಗೇನೂ ಸೋಜಿಗವಿಲ್ಲ.

ಯೋಗಿನಿಯನ್ನು ಹತ್ತು ನಿಮಿಷ ನೋಡಿಯಾದ ಮೇಲೆ ಕುಮಟಗಿಯಲ್ಲಿ ಇಳಿಯಿರಿ. ಗೋಡೆ ಮುಟ್ಟಬೇಡಿ, ಫ್ಲಾಶ್ ಹಾಕಬೇಡಿ. ಉಳಿದಿರುವ ಬಣ್ಣವೇ ಕಡಿಮೆ.