‘ಮತಬ್ಯಾಂಕು’ ಎಂಬ ಮಾತು

ಚುನಾವಣೆ ಸಮೀಪಿಸಿತೆಂದರೆ ಪತ್ರಿಕೆಗಳಲ್ಲಿ ‘ಮತಬ್ಯಾಂಕು’ ಎಂಬ ಪದ ತಪ್ಪದೆ ತಲೆದೋರುತ್ತದೆ. ಇಂಥ ಜಾತಿ, ಇಂಥ ಕೇರಿ ಇಂಥ ಪಕ್ಷದ ಮತಬ್ಯಾಂಕೆಂದು ಬರೆಯುವವರು ಈ ಪದದ ಹುಟ್ಟನ್ನು ನೆನೆಯುವುದು ವಿರಳ. ಅದು ಹೊರಟಿದ್ದು ನಮ್ಮ ನಾಡಿನ ಹಳ್ಳಿಯೊಂದರ ಅಧ್ಯಯನದಿಂದಲೇ.

ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಲ್ಲಿನ ಬಾಳನ್ನು ಅಭ್ಯಸಿಸಿದರು. ಬರಹದಲ್ಲಿ ಅದಕ್ಕೆ ‘ರಾಂಪುರ’ವೆಂದು ಹೆಸರಿಟ್ಟರು. 1955ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಈ ಪದಕ್ಕಿರುವ ಅರ್ಥವೇ ಬೇರೆ. ಗೇಣಿದಾರರು, ಆಳುಗಳು, ಸಾಲ ಪಡೆದವರು ಒಬ್ಬ ಯಜಮಾನನನ್ನು ಆಶ್ರಯಿಸಿರುತ್ತಾರೆ. ಅವರ ಮತಗಳನ್ನು ಅಭ್ಯರ್ಥಿಗೆ ಕೊಡಿಸಬಲ್ಲ ಆ ಯಜಮಾನನೇ ಬ್ಯಾಂಕು. ಆಶ್ರಿತರೆಲ್ಲ ಒಂದೇ ಜಾತಿಯವರಾಗಿರಬೇಕಿಲ್ಲ. ಅಂದು ಉಳ್ಳವನತ್ತ ತೋರಿದ ಬೆರಳು ಇಂದು ಇಲ್ಲದವರ ಕೇರಿಯತ್ತ ತಿರುಗಿದೆ. ಅಸಮಾನತೆಯನ್ನು ಹೆಸರಿಸಿದ ಮಾತು ಜಾತಿಯನ್ನು ಹಳಿಯುವ ಮಾತಾದದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯ.

1974ರಲ್ಲಿ ಭೂಸುಧಾರಣೆ ಗೇಣಿಪದ್ಧತಿಯನ್ನು ರದ್ದುಗೊಳಿಸಿದ ಮೇಲೆ ಯಜಮಾನನ ಹಿಡಿತ ಸಡಿಲಿತು, ನಿಜ. ಆದರೆ ಕೇರಿಗಳು ಬೇರೆ ಬೇರೆಯಾಗಿಯೇ ಉಳಿದವು. ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಊರಿಗೆ ಮರಳಿದ ತಾವೇ ಇದನ್ನು ಕಂಡಿದ್ದೀರಿ. ಇಡೀ ಕೇರಿಗೆ ಒಂದೇ ಕೊಳಾಯಿಯಿದ್ದಾಗ, ಇನ್ನೊಂದನ್ನು ಹಾಕಿಸುವೆನೆಂದವನಿಗೆ ಆ ಜನ ಒಟ್ಟಾಗಿ ಮತ ನೀಡಿದರೆ ಅದು ಜಾತ್ಯಭಿಮಾನವೋ, ನೀರಿನ ಲೆಕ್ಕವೋ? ನಮ್ಮ ಸಮಾಜವನ್ನು ಮತಬ್ಯಾಂಕೆಂದರೆ ನಮಗೆ ಮುನಿಸು. ನೆರೆಯ ಕೇರಿಯನ್ನು ಹಾಗೆನ್ನುವಾಗ ಮಾತ್ರ ನಾಲಗೆ ತಡವರಿಸುವುದಿಲ್ಲ.

ಇದರ ಪರಿಣಾಮ ಬರಿಯ ಮಾತಿನದಲ್ಲ. ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳವನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಮತಯಂತ್ರಗಳು ಬಂದವು. ಅಲ್ಲಿಂದೀಚೆಗೆ ಒಂದೊಂದು ಮತಗಟ್ಟೆಯ ಲೆಕ್ಕವೂ ಬಯಲು. ನಾನಾ ಜನ ಬೆರೆತು ವಾಸಿಸುವ ಬಡಾವಣೆಯಲ್ಲಿ ಆ ಲೆಕ್ಕದಿಂದ ಯಾರ ಗುಟ್ಟೂ ಹೊರಬೀಳದು. ಒಂದು ಮತಗಟ್ಟೆಗೆ ಬಹುಪಾಲು ಒಂದೇ ಕೇರಿಯವರು ಸೇರಿದ್ದರೆ ಮಾತ್ರ ಒಬ್ಬೊಬ್ಬನ ಮತ ಗುಪ್ತವಾಗಿದ್ದರೂ ಕೇರಿಯ ಮತ ಗುಪ್ತವಲ್ಲ. ಗೆದ್ದವನಿಗೆ ಯಾರ ರಸ್ತೆಯನ್ನು ತಡೆಹಿಡಿಯಬೇಕೆಂಬುದು ತಿಳಿಯುತ್ತದೆ. ಸೋತವನ ಕಡೆಯವರಿಗೆ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕೆಂಬುದು. ಹಲವು ಮತಗಟ್ಟೆಗಳ ಯಂತ್ರಗಳನ್ನು ಕೂಡಿಸಿ ಒಟ್ಟು ಎಣಿಕೆಯನ್ನಷ್ಟೇ ಪ್ರಕಟಿಸುವ ಉಪಕರಣವನ್ನು ಬಳಸಬೇಕೆಂದು ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಅದಿನ್ನೂ ಜಾರಿಗೆ ಬಂದಿಲ್ಲ.