ತಾಲೀಮು ಯಾರಿಗೆ?

ಬೆಂಗಳೂರಿನ ವಿಜಯನಗರದ ಅಡ್ಡರಸ್ತೆಗಳಲ್ಲಿ ಬೆಳಗ್ಗೆ ರಂಗೋಲಿ ಹಾಕುವ ಹೆಂಗಸರು ಬಗ್ಗುವ ಮೊದಲು ಸೆರಗನ್ನು ಕುತ್ತಿಗೆಗೆ ಒಂದು ಸುತ್ತು ಎಳೆದುಕೊಳ್ಳುತ್ತಾರೆ, ಸರ ಕಾಣದಿರಲಿ ಅಂತ. ಸರಗಳ್ಳ ಸಿಕ್ಕಿಬಿದ್ದ ಸುದ್ದಿಯಲ್ಲಿ ಒಂದು ಸಾಲು ಹೆಚ್ಚುಕಮ್ಮಿ ಖಾಯಂ: ಜಾಮೀನಿನ ಮೇಲೆ ಹೊರಬಂದು ಮತ್ತೆ ಹಳೇ ಚಾಳಿಗಿಳಿದಿದ್ದ. ಜೈಲಿನ ಮನಪರಿವರ್ತನೆ ಕಾರ್ಯಕ್ರಮಗಳನ್ನು ನಾನು ತೂಗುವುದು ಈ ಸಾಲನ್ನು ಮುಂದಿಟ್ಟುಕೊಂಡೇ.

ನಮ್ಮಲ್ಲಿ ಇಂಥ ಕೆಲಸಕ್ಕೆ ಒಳ್ಳೆಯ ಮಾದರಿ ಹುಲುಗಪ್ಪ ಕಟ್ಟೀಮನಿಯವರ ಜೈಲು ರಂಗಭೂಮಿ. ಮೈಸೂರಿನ ರಂಗಾಯಣದ ಈ ಕಲಾವಿದ ತೊಂಬತ್ತರ ದಶಕದ ಕೊನೆಯಿಂದ ಕೈದಿಗಳನ್ನು ಕಟ್ಟಿಕೊಂಡು ಕಾರ್ನಾಡರ 'ತಲೆದಂಡ', ಶಿವಪ್ರಕಾಶರ 'ಮಾರನಾಯಕ' ಆಡಿಸಿದರು. 'ಮಾರನಾಯಕ' ಮ್ಯಾಕ್‌ಬೆತ್‌ನ ಕನ್ನಡ ರೂಪ. ಕೊಂದು ನಿದ್ದೆಗೆಟ್ಟವನ ಕತೆಯನ್ನು ಕೈದಿಗಳ ಬಾಯಲ್ಲಿ ಕೇಳುವಾಗ ಮೈ ಜುಮ್ಮೆನ್ನದೆ ಇರದು. ಆದರೆ ನನಗೆ ಪ್ರದರ್ಶನಕ್ಕಿಂತ ತಾಲೀಮು ದೊಡ್ಡದು. ಹೇಳಿದ ಹೊತ್ತಿಗೆ ಬರಬೇಕು, ಮಾತು ಬಾಯಿಪಾಠ ಮಾಡಬೇಕು, ಎದುರಿನವನ ಮಾತು ಮುಗಿಯುವ ತನಕ ಸುಮ್ಮನೆ ನಿಂತಿರಬೇಕು. ಕೈ ಮುಂದಾಗಿ ಜೈಲು ಸೇರಿದವನಿಗೆ ಇದು ಸಾಮಾನ್ಯ ಪಾಠವೇನಲ್ಲ.

ತಕರಾರು ಇರುವುದು ಪಾತ್ರಧಾರಿಗಳ ಆಯ್ಕೆಯಲ್ಲಿ. ತಿಂಗಳುಗಟ್ಟಲೆ ತಾಲೀಮಿಗೆ ಸಿಗುವವರು ದೀರ್ಘ ಶಿಕ್ಷೆಯವರು. ಜೀವಾವಧಿಯವರು ಸನ್ನಡತೆಯ ಮೇಲೆ ಹೊರಬರುವ ಹೊತ್ತಿಗೆ 14 ವರ್ಷವಾದರೂ ಕಳೆದಿರುತ್ತದೆ, ಬಿಸಿರಕ್ತ ಆರಿರುತ್ತದೆ. ಅವರಲ್ಲಿ ಮರಳಿ ಒಳಗೆ ಹೋಗುವವರು ಮೊದಲೇ ಕಡಿಮೆ. ನಾಟಕಕ್ಕೆ ಕೊಡುವ ಹೊಗಳಿಕೆಯಲ್ಲಿ ಒಂದು ಪಾಲು ವಯಸ್ಸಿಗೂ ಸಲ್ಲಬೇಕು. ಮಗ್ಗ, ಬಡಗಿ ಕೆಲಸ, ಬೇಕರಿಗೂ ಈ ಮಾತು ಒಪ್ಪುತ್ತದೆ; ಅವೂ ಮುಖ್ಯವಾಗಿ ಸಜಾಬಂಧಿಗಳಿಗೇ.

ನಮ್ಮ ಸರಗಳ್ಳ ಸಜಾಬಂಧಿಯಾಗುವುದೇ ಯಾವಾಗಲೋ. ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಡಿ ಕಿತ್ತುಕೊಂಡು ಓಡುವುದಕ್ಕೆ ಹೆಚ್ಚೆಂದರೆ 3 ವರ್ಷ. ಅದಕ್ಕೂ ಮೊದಲು ಅವನು ವಿಚಾರಣಾಧೀನ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ಅಂಥವರೇ. ಪರಪ್ಪನ ಅಗ್ರಹಾರದಲ್ಲಿ ಕೆಲವು ತಿಂಗಳು ಕೋರ್ಟಿನ ದಿನಾಂಕ ಎಣಿಸುತ್ತ ಕೂರುವವನಿಗೆ ಬ್ಯಾರಕ್ಕಿನಲ್ಲಿ ಮೇಷ್ಟ್ರು ಯಾರು? ಅವನಿಗಿಂತ ಪಳಗಿದ ಇನ್ನೊಬ್ಬ ಕಳ್ಳ.

ಹೊರಗೆ ಬರಲು ವಕೀಲರ ಫೀಸು, ಜಾಮೀನುದಾರ ಎರಡೂ ಬೇಕು. ಮನೆಯವರು ಕೈಬಿಟ್ಟಿದ್ದರೆ ಅವನ್ನು ಹೊಂದಿಸುವವನು ಒಳಗೆ ಪರಿಚಯವಾದ ಗೆಳೆಯ. ಸಂಜೆ ಗೇಟಿನ ಹೊರಗೆ ಬೈಕು ನಿಲ್ಲಿಸಿಕೊಂಡು ಕಾಯುವವನೂ ಅವನೇ. ಹಾಗೆ ಆದ ಸಾಲ ತೀರಿಸಲು ಗೊತ್ತಿರುವ ದಾರಿ ಒಂದೇ. ಆ ಸಂಜೆ ಬೇರೆ ಯಾರಾದರೂ ಬಂದು ನಿಲ್ಲಬೇಕಿತ್ತು. ಪ್ರೊಬೇಷನ್ ಅಧಿಕಾರಿ ಎಂಬ ಹುದ್ದೆ 1958ರ ಪ್ರೊಬೇಷನ್ ಕಾಯ್ದೆಯಲ್ಲೇ ಇದೆ. ಆದರೆ ಆ ಕಾಯ್ದೆಯಡಿ ಅವರ ಉಸ್ತುವಾರಿ ಶುರುವಾಗುವುದು ತಪ್ಪಿತಸ್ಥನೆಂದು ಕೋರ್ಟು ಹೇಳಿದ ಮೇಲೆ.