ಮುಗಿಯದ ಮುಗುಳ್ನಗೆ

ಶಿಲ್ಪಿಯು ಅರೆಗೆತ್ತಿ ಬಿಟ್ಟ ವಿಗ್ರಹವೂ ಪೂಜ್ಯವಾಗಬಲ್ಲುದೆಂಬುದಕ್ಕೆ, ಅಮೆರಿಕದ ಬೀಚ್ ಬಾಯ್ಸ್ ತಂಡವು 1967ರಲ್ಲಿ ಕೈಬಿಟ್ಟ ‘ಸ್ಮೈಲ್’ ಎಂಬ ಆಲ್ಬಮ್ಮೇ ಸಾಕ್ಷಿ. ತಂಡದ ಬ್ರಯಾನ್ ವಿಲ್ಸನ್ನರ ಸಂಗೀತ, ವ್ಯಾನ್ ಡೈಕ್ ಪಾರ್ಕ್ಸರ ಸಾಹಿತ್ಯಗಳ ಆ ಕೃತಿಯಲ್ಲಿ, ಹಾಡನ್ನು ಆದ್ಯಂತ ಒಮ್ಮೆಲೇ ನುಡಿಸದೆ, ಬಿಡಿಬಿಡಿ ಖಂಡಗಳಾಗಿ ಧ್ವನಿಮುದ್ರಿಸಿ, ಟೇಪನ್ನು ಕತ್ತರಿಸಿ, ಹೂವಾಡಿಗನು ಮಾಲೆ ಕಟ್ಟುವಂತೆ ಜೋಡಿಸುವುದೇ ಕ್ರಮವಾಗಿದ್ದಿತು. ‘ವೆಜಿಟೇಬಲ್ಸ್’ ಗೀತೆಯಲ್ಲಿ ತರಕಾರಿಯನ್ನು ಕರಕರನೆ ಅಗಿಯುವ ಸದ್ದೂ ತಾಳವಾಯಿತು. ವಿಲ್ಸನ್ನರ ಮನಃಕ್ಲೇಶದಿಂದಲೂ ತಂಡದೊಳಗಿನ ಭಿನ್ನಮತದಿಂದಲೂ ಕಾರ್ಯವು ನಿಂತಿತಾದರೂ, ಉಳಿದ ತುಣುಕುಗಳು ಕೈಯಿಂದ ಕೈಗೆ ಸಾಗಿ, ಸ್ಟುಡಿಯೋವನ್ನೇ ವಾದ್ಯವೆಂದು ಬಗೆದ 1990ರ ದಶಕದ ಎಲಿಫೆಂಟ್ ಸಿಕ್ಸ್ ಎಂಬ ಸಂಗೀತಗಾರರ ಬಳಗದಂಥವರಿಗೆ ಗುರುವಾದವು. 2004ರಲ್ಲಿ ವಿಲ್ಸನ್ನರು ಆ ಆಲ್ಬಮ್ಮನ್ನು ಹೊಸದಾಗಿ ಹಾಡಿ ಪೂರ್ಣಗೊಳಿಸಿದರು. 2011ರಲ್ಲಿ ಮೂಲ ಧ್ವನಿಮುದ್ರಣಗಳೂ ಪ್ರಕಟವಾದವು. ಆದರೂ ಆ ಹಳೆಯ ತುಣುಕುಗಳನ್ನು ಕೇಳುವಾಗ, ಅರಳುವ ಮುನ್ನಿನ ಮೊಗ್ಗಿನ ಪರಿಮಳವೇ ನನ್ನ ಮನಸ್ಸನ್ನು ತುಂಬುತ್ತದೆ.